ಸಾವೊ ಮಿಗೆಲ್: ಮಳೆ ಬಂದರೆ ಬಿಸಿನೀರು, ಬಿಸಿಲು ಬಂದರೆ ಬೆಟ್ಟ

ಅಜೋರ್ಸ್‌ಗೆ ಹೊರಟವರಿಗೆ ನಾನು ಮೊದಲು ಹೇಳೋದು ಇಷ್ಟೇ: ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಪಟ್ಟಿ ಮಾಡಿಕೊಂಡು ಹೋಗಬೇಡಿ. ಅಲ್ಲಿ ಮೋಡದ್ದೇ ಕಾರುಬಾರು.

ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್‌ಗೆ ಸೇರಿದ ಒಂಬತ್ತು ದ್ವೀಪಗಳ ಗುಂಪೇ ಅಜೋರ್ಸ್. ಎಲ್ಲವೂ ಜ್ವಾಲಾಮುಖಿಯಿಂದ ಎದ್ದವು. ಅವುಗಳಲ್ಲಿ ದೊಡ್ಡದು ಸಾವೊ ಮಿಗೆಲ್, ಉದ್ದ ಸುಮಾರು 65 ಕಿ.ಮೀ. ನಾನಿರುವ ಲಿಸ್ಬನ್‌ನಿಂದ ವಿಮಾನದಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟಬಹುದು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ಇದ್ದರೆ ಸಾಕು. ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಅವರಿಗೆ ಮ್ಯೂಸಿಯಂ, ಅರಮನೆ ಎಲ್ಲ ಸಾಕಾಗಿತ್ತು. ಸುಮ್ನೆ ಕೂರುವಂಥ ಜಾಗ ಬೇಕು ಅಂದರು. ಆಗಸ್ಟ್ ಶುರುವಿನಲ್ಲಿ ಹೊರಟೆವು.

ಹೆಚ್ಚಿನವರು ಪೊಂತ ದೆಲ್ಗಾದ ಪಟ್ಟಣದಲ್ಲಿ ರೂಮ್ ಮಾಡುತ್ತಾರೆ. ಏರ್‌ಪೋರ್ಟ್ ಹತ್ತಿರ, ಹೋಟೆಲ್ ಜಾಸ್ತಿ. ನಾನು ಮಾಡಿದ್ದು ಫುರ್ನಾಸ್‌ನಲ್ಲಿ. ಜ್ವಾಲಾಮುಖಿಯ ಬಾಯೊಳಗೇ ಇರುವ ಹಳ್ಳಿ ಅದು. ಕೊನೆಯ ಸಲ ಸಿಡಿದದ್ದು 1630ರಲ್ಲಿ. ಈಗಲೂ ಊರ ನಡುವೆ ನೀರು ಕೊತಕೊತ ಕುದಿಯುತ್ತದೆ, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಎರಡನೇ ದಿನಕ್ಕೆ ಮೂಗು ಒಗ್ಗಿಕೊಳ್ಳುತ್ತದೆ, ಚಿಂತೆ ಬೇಡ. ಬೀದಿ ಬದಿಯಲ್ಲಿ ಬೇರೆ ಬೇರೆ ನೀರಿನ ನಲ್ಲಿಗಳಿವೆ. ಒಂದರ ನೀರು ಬಿಸಿ, ಇನ್ನೊಂದರದ್ದು ತಣ್ಣಗೆ, ತಾನಾಗಿಯೇ ನೊರೆಗುಟ್ಟುವಂಥದ್ದು. ಅಮ್ಮ ಒಂದು ಬೊಗಸೆ ಕುಡಿದು, "ಗೋಲಿ ಸೋಡಾ ಕಣೇ, ಆದರೆ ತುಕ್ಕು ಹಿಡಿದ ಬಾಟಲಿದು" ಅಂದರು. ಕಬ್ಬಿಣದ ಅಂಶ ಅಷ್ಟಿದೆ.

ನಮ್ಮ ದಿನಚರಿ ಸುಲಭ. ದ್ವೀಪದ ಮುಖ್ಯ ವ್ಯೂ ಪಾಯಿಂಟ್‌ಗಳಲ್ಲಿ ಕ್ಯಾಮೆರಾ ಇಟ್ಟಿದ್ದಾರೆ, ಮೊಬೈಲ್‌ನಲ್ಲಿ ನೇರ ದೃಶ್ಯ ಸಿಗುತ್ತದೆ. ಬೆಳಗ್ಗೆ ಕಾಫಿ ಕುಡಿಯುತ್ತಾ ಅದನ್ನು ನೋಡುವುದು. ಪಶ್ಚಿಮದ ಸೆತೆ ಸಿದಾದೆಸ್ ಕೆರೆಗಳು ಕಂಡರೆ ಕಾರು ಹತ್ತುವುದು. ಬರೀ ಬಿಳಿ ಮಂಜು ಕಂಡರೆ ಟವೆಲ್ ಹಿಡಿದು ಬಿಸಿನೀರಿನ ಕೊಳಕ್ಕೆ ಹೋಗುವುದು. ಒಂದು ಗಂಟೆಗೂ ಜಾಸ್ತಿ ಡ್ರೈವ್ ಮಾಡಿ, ಅಲ್ಲಿನ ಹಸಿರು ಕೆರೆ, ನೀಲಿ ಕೆರೆ ಎರಡೂ ಕಾಣದೆ ವಾಪಸ್ ಬರುವ ಕಷ್ಟ ಇದರಿಂದ ತಪ್ಪಿತು.

ಕೊಳಗಳಲ್ಲಿ ಫುರ್ನಾಸ್‌ನ ತೆರ್ರಾ ನೊಸ್ತ್ರ ಉದ್ಯಾನದ್ದು ದೊಡ್ಡದು. 18ನೇ ಶತಮಾನದಲ್ಲಿ ಬಾಸ್ಟನ್‌ನ ವ್ಯಾಪಾರಿ ಥಾಮಸ್ ಹಿಕ್ಲಿಂಗ್ ಇಲ್ಲಿ ಮನೆ ಕಟ್ಟಿಸಿದ. ಈ ತೋಟದ ಕಥೆ ಅಲ್ಲಿಂದ ಶುರು. ನೀರು ಕೆಮ್ಮಣ್ಣು ಕಲಸಿದ ಬಣ್ಣ. ತಿಳಿ ಬಣ್ಣದ ಬಟ್ಟೆ ಹಾಕಿದರೆ ಕಲೆ ಹೋಗೋದೇ ಇಲ್ಲ. ಅಮ್ಮನಿಗೆ ಮೈ ಪೂರ್ತಿ ಮುಚ್ಚುವ ಕಪ್ಪು ಈಜುಡುಗೆ ಲಿಸ್ಬನ್‌ನಲ್ಲೇ ಕೊಂಡಿದ್ದೆ. ಮೊದಲು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಆಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ತಲೆ ಮೇಲೆ ತಣ್ಣನೆ ಹನಿ, ಕುತ್ತಿಗೆವರೆಗೆ ಬಿಸಿನೀರು. ಆಮೇಲೆ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. ಈ ಸುಖ ಬಿಸಿಲಲ್ಲಿ ಸಿಗೋದಿಲ್ಲ, ಮಳೆ ಬಂತು ಅಂತ ರೂಮಿನಲ್ಲಿ ಕೂತವರಿಗೆ ನಷ್ಟ.

ಫುರ್ನಾಸ್ ಕೆರೆ ದಂಡೆಯಲ್ಲಿ ಜ್ವಾಲಾಮುಖಿಯ ಬಿಸಿಗೇ ಮಣ್ಣಿನೊಳಗೆ ಅಡುಗೆ ಬೇಯಿಸುತ್ತಾರೆ, ಕೊಜಿದೊ ಅಂತ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಲ್ಲಿರಿ. ಮಣ್ಣಿನ ಪುಟ್ಟ ಗುಡ್ಡೆಗಳು ಸಾಲಾಗಿವೆ, ಒಂದೊಂದರ ಮೇಲೂ ಒಂದೊಂದು ಹೋಟೆಲಿನ ಹೆಸರಿನ ಬೋರ್ಡು. ಆಳುಗಳು ಬಂದು ಮಣ್ಣು ಸರಿಸಿ, ಮುಚ್ಚಳ ತೆಗೆದು, ಪಾತ್ರೆಯನ್ನು ಮೇಲೆತ್ತುತ್ತಾರೆ. ಭುಸ್ ಅಂತ ಹಬೆ. ಬೆಳಗಿನ ಜಾವ ಇಟ್ಟದ್ದು, ಬೇಯಲು ಸುಮಾರು ಆರು ಗಂಟೆ ಬೇಕು. ಒಳಗೆ ದನ, ಹಂದಿ, ಕೋಳಿ ಎಲ್ಲ ಮಾಂಸವೂ ಇರುತ್ತದೆ. ಸಸ್ಯಾಹಾರಿಗಳು ಮುಂಚೆಯೇ ಫೋನ್ ಮಾಡಿ ಹೇಳಬೇಕು. ನಾವು ಹೇಳಿದ್ದರಿಂದ ತರಕಾರಿ ಮಾತ್ರ ಬೇಯಿಸಿ ಕೊಟ್ಟರು: ಎಲೆಕೋಸು, ಗೆಣಸು, ಕ್ಯಾರೆಟ್, ಜೊತೆಗೆ ಬೂದುಬಣ್ಣದ ಒಂದು ಗೆಡ್ಡೆ. ಅಮ್ಮ ಒಂದು ತುಂಡು ಬಾಯಿಗಿಟ್ಟವರೇ, "ಕೆಸುವಿನ ಗೆಡ್ಡೆ ಅಲ್ವಾ ಇದು!" ಅಂದರು. ಹೌದು, ಅದೇ. ಫುರ್ನಾಸ್‌ನವರು ಬೆಚ್ಚಗಿನ ಊಟೆಯ ನೀರು ಹರಿಯುವಲ್ಲಿ ಕೆಸು ಬೆಳೆಯುತ್ತಾರೆ. ಅದರ ಎಲೆಯಲ್ಲಿ ಪತ್ರೊಡೆ ಮಾಡಬಹುದು ಅಂತ ಅಮ್ಮ ಹೋಟೆಲಿನವಳಿಗೆ ಕೈಸನ್ನೆಯಲ್ಲೇ ಪೂರ್ತಿ ವಿವರಿಸಿದರು. ನಾನು ಅನುವಾದ ಮಾಡಲು ಹೋಗಲಿಲ್ಲ.

ರಸ್ತೆ ಬದಿ ನೀಲಿ ಹೈಡ್ರೇಂಜಿಯಾ ಹೂಗಿಡಗಳ ಬೇಲಿ, ಅದರಾಚೆ ದನ ಮೇಯುವ ಹಸಿರು. ಇಳಿಜಾರಿನ ತುಂಬಾ ಹಳದಿ ಹೂವು, ನಮ್ಮ ಸುಗಂಧಿ ಹೂವಿನ ಜಾತಿಯದ್ದೇ. ಹಿಮಾಲಯದ ಕಡೆಯಿಂದ ಅಲಂಕಾರಕ್ಕೆ ಅಂತ ತಂದ ಗಿಡ ಈಗ ಕಾಡನ್ನೇ ನುಂಗುತ್ತಿದೆ. ಅಲ್ಲಿನವರಿಗೆ ಅದು ಪೀಡೆ.

ಉತ್ತರದ ಕರಾವಳಿಯಲ್ಲಿ ಗೊರ್ರಿಯಾನಾ ಚಹಾ ತೋಟ ಇದೆ, 1883ರದ್ದು. ದ್ವೀಪದ ಕಿತ್ತಳೆ ತೋಟಗಳು ರೋಗ ಬಂದು ಹಾಳಾದ ಕಾಲದಲ್ಲಿ ಚಹಾ, ಅನಾನಸ್ ಕಡೆ ತಿರುಗಿದರು. ಚಹಾ ಮಾಡುವುದನ್ನು ಕಲಿಸಲು 1878ರಲ್ಲಿ ಮಕಾವ್‌ನಿಂದ ಇಬ್ಬರು ಚೀನೀಯರನ್ನು ಕರೆಸಿದ್ದರು. ಹಳೇ ಯಂತ್ರಗಳು ಇನ್ನೂ ಓಡುತ್ತಿವೆ, ಸಾಗರ ನೋಡುತ್ತಾ ಚಹಾ ಕುಡಿಯಬಹುದು. ಹಾಲಿಲ್ಲದ ಚಹಾ ಅಮ್ಮನಿಗೆ ಹಿಡಿಸಲಿಲ್ಲ ಬಿಡಿ.

ಅನಾನಸ್ ಮಾತ್ರ ಹಿಡಿಸಿತು. ಅಲ್ಲಿ ಗಾಜಿನ ಮನೆಯೊಳಗೆ ಬೆಳೆಯುತ್ತಾರೆ, ಎಲ್ಲ ಗಿಡವೂ ಒಟ್ಟಿಗೆ ಹೂ ಬಿಡಲಿ ಅಂತ ಒಳಗೆ ಹೊಗೆ ಹಾಕುತ್ತಾರೆ. ಹಣ್ಣು ಕೈಗೆ ಬರಲು ಸುಮಾರು ಎರಡು ವರ್ಷ ಬೇಕು. ಎರಡು ಹಣ್ಣು ಕಟ್ಟಿಸಿಕೊಂಡು ಬಂದೆವು. ಒಂದನ್ನು ಹಾಗೇ ತಿಂದೆವು, ಇನ್ನೊಂದಕ್ಕೆ ಅಮ್ಮ ಎಳ್ಳು, ಬೆಲ್ಲ ಹಾಕಿ ಗೊಜ್ಜು ಮಾಡಿದರು.