ಮೈಮೇಲೆ ಗುಳ್ಳೆ ಹರಡುತ್ತಿದೆಯೇ? ಮೊದಲು ಅದರ ಜಾಡು ಹಿಡಿಯಿರಿ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಕೊಡಗಿನಲ್ಲಿ ಒಣಗದ ಬಟ್ಟೆ, ಬಿಸಿಲು ಕಾಣದ ಕಂಬಳಿ, ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿಯ ನಿದ್ದೆ. ಚರ್ಮದ ಕಾಯಿಲೆಗೆ ಇನ್ನೇನು ಬೇಕು? ಆದರೆ ಎದ್ದ ಗುಳ್ಳೆಗಳಿಗೆಲ್ಲ ‘ಅಲರ್ಜಿ’ ಎಂದು ಹೆಸರಿಟ್ಟು ಅಂಗಡಿಯ ಟ್ಯೂಬ್ ಹಚ್ಚುವುದು ನಮ್ಮ ರೂಢಿ. ಗುಳ್ಳೆ ನೋಡಲು ಹೇಗಿದೆ ಎನ್ನುವುದಕ್ಕಿಂತ ಅದು ಎಲ್ಲಿಂದ ಹೊರಟಿತು, ಮನೆಯಲ್ಲಿ ಇನ್ನಾರಿಗಿದೆ ಎನ್ನುವುದೇ ಹೆಚ್ಚು ಸುಳಿವು ಕೊಡುತ್ತದೆ.

ಹಂತ 1: ಪೆನ್ನಿನಿಂದ ಗುರುತು ಹಾಕಿ

ಹೊಸದಾಗಿ ಎದ್ದ ಒಂದು ಗುಳ್ಳೆಯ ಸುತ್ತ ಗೆರೆ ಎಳೆಯಿರಿ. 24 ಗಂಟೆಯೊಳಗೆ ಅದು ಕಲೆಯೂ ಉಳಿಯದಂತೆ ಇಳಿದು ಬೇರೆಡೆ ಎದ್ದರೆ ಬಹುತೇಕ ಪಿತ್ತದ ಗಂಧೆ. ಹೊಸ ಮಾತ್ರೆ ಅಥವಾ ಆಹಾರವನ್ನು ನೆನಪಿಸಿಕೊಳ್ಳಿ. ಅಲ್ಲೇ ಉಳಿದರೆ ಮುಂದಕ್ಕೆ ಹೋಗಿ.

ಹಂತ 2: ತೋಟದ ಕೆಲಸ ನೆನಪಿಸಿಕೊಳ್ಳಿ

ಮರ ಕಪಾತು ಮಾಡಿದ್ದಿರೇ? ಹೊಳೆಗೇರು ಎಂಬ ಮರದ ಸೊನೆ ತಾಗಿದರೆ ಒಂದೆರಡು ದಿನ ಕಳೆದು, ಕೊಂಬೆ ಉಜ್ಜಿದ ಕಡೆ ಗೆರೆಯಾಗಿ ನೀರುಗುಳ್ಳೆ ಏಳುತ್ತದೆ. ಗುಳ್ಳೆಯ ನೀರು ಇದನ್ನು ಹರಡುವುದಿಲ್ಲ. ಕತ್ತಿಯ ಹಿಡಿಗೋ ಅಂಗಿಗೋ ಅಂಟಿದ ಸೊನೆ ಹರಡುತ್ತದೆ. ಎರಡನ್ನೂ ಸೋಪಿನಲ್ಲಿ ತೊಳೆಯಿರಿ. ಕಂಬಳಿಹುಳು ಹಾಗೆ ಕಾಯಿಸುವುದಿಲ್ಲ, ತಾಗಿದೊಡನೆ ಉರಿ. ಉಜ್ಜದೆ, ಅಂಟುಪಟ್ಟಿ ಒತ್ತಿ ಕಿತ್ತು ರೋಮ ತೆಗೆಯಬೇಕು.

ಹಂತ 3: ರಾತ್ರಿ ತುರಿಕೆ ಹೆಚ್ಚುತ್ತದೆಯೇ?

ಬೆರಳ ಸಂದು, ಮಣಿಕಟ್ಟು, ಸೊಂಟ, ಕಂಕುಳಲ್ಲಿ ಸಣ್ಣ ಗುಳ್ಳೆ, ಹಾಸಿಗೆ ಸೇರಿದೊಡನೆ ತಡೆಯಲಾಗದ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಪಾಡು. ಹೀಗಿದ್ದರೆ ಮೊದಲ ಅನುಮಾನ ಕಜ್ಜಿಯ ಮೇಲೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಹೆಣ್ಣು ನುಸಿಯೊಂದು ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಮಲಗಿದವರಿಗೂ ದಾಟಿರುತ್ತದೆ. ಲೈನ್‌ಮನೆಯವರ (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರ) ಮೇಲೆ ಇದರ ದೂರು ಹೊರಿಸುವವರಿದ್ದಾರೆ. ಒತ್ತಾಗಿ ಮಲಗುವ ಹಾಸ್ಟೆಲಿಗೂ ದೊಡ್ಡ ಮನೆಗೂ ಇದು ಅಷ್ಟೇ ಸಲೀಸಾಗಿ ಬರುತ್ತದೆ.

ಚಿಕಿತ್ಸೆ ಸೋಲುವುದು ತುರಿಕೆ ಇದ್ದವರಿಗೆ ಮಾತ್ರ ಮುಲಾಮು ಹಚ್ಚುವುದರಿಂದ. ವೈದ್ಯರು ಪರ್ಮೆಥ್ರಿನ್ ಬರೆದುಕೊಟ್ಟರೆ ಮನೆಯವರೆಲ್ಲ ಒಂದೇ ರಾತ್ರಿ, ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಸಂದನ್ನೂ ಬಿಡದೆ ಹಚ್ಚಬೇಕು. ಹಸುಗೂಸು, ಗರ್ಭಿಣಿಯರ ವಿಷಯ ಬೇರೆ, ಕೇಳಿಯೇ ಹಚ್ಚಿ. ವಾರ ಬಿಟ್ಟು ಇನ್ನೊಮ್ಮೆ ಹಚ್ಚುವುದು ವಾಡಿಕೆ. ಬಟ್ಟೆ, ಹೊದಿಕೆ ಬಿಸಿನೀರಿಗೆ. ಮಳೆಯಲ್ಲಿ ಒಣಗಿಸಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ವಾರವಿಟ್ಟರೆ ನುಸಿ ಸಾಯುತ್ತದೆ. ಆಮೇಲೂ ಕೆಲವು ವಾರ ತುರಿಸಬಹುದು. ಹೆದರಿ ದಿನವೂ ಹಚ್ಚಬೇಡಿ.

ಹಂತ 4: ಉಳಿದ ಸಾಧ್ಯತೆಗಳು

ಮಕ್ಕಳ ಮೈಮೇಲೆ ಮುತ್ತಿನಂಥ, ನಡುವೆ ಕುಳಿಬಿದ್ದ ಗುಳ್ಳೆಗಳಿದ್ದರೆ ಮೊಲಸ್ಕಮ್ ವೈರಸ್ ಇರಬಹುದು. ಹಂಚಿಕೊಂಡ ಟವೆಲಿನಿಂದಲೂ ಕೆರೆತದಿಂದಲೂ ಹರಡುತ್ತದೆ. ತಿಂಗಳುಗಳ ನಂತರ ತಾನಾಗಿಯೇ ಹೋಗುತ್ತದೆ, ಚಿವುಟಬೇಡಿ. ಜ್ವರದ ಜೊತೆ ಎದೆ, ಬೆನ್ನಿನಲ್ಲಿ ಶುರುವಾಗಿ ಕೆಂಪು ಕಲೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೆ ಕಂಡರೆ ಚಿಕನ್‌ಪಾಕ್ಸ್. ಎಲ್ಲ ಗುಳ್ಳೆ ಹಕ್ಕಳೆಗಟ್ಟುವವರೆಗೆ ಶಾಲೆ ಬೇಡ. ಅಂಚು ಉಬ್ಬಿ ಉಂಗುರವಾಗಿ ಬೆಳೆಯುವುದು ಹುಳುಕಡ್ಡಿ.

ಅಂಗಡಿಯ ಟ್ಯೂಬಿನ ಅಪಾಯ ಇಲ್ಲೇ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನಾಲ್ಕು ದಿನ ತುರಿಕೆ ತಗ್ಗುತ್ತದೆ, ಹುಳುಕಡ್ಡಿಯ ಶಿಲೀಂಧ್ರ ಮಾತ್ರ ಹಾಯಾಗಿ ಹಬ್ಬುತ್ತದೆ. ಉಂಗುರದ ರೂಪವೂ ಅಳಿಸುವುದರಿಂದ ವೈದ್ಯರಿಗೂ ಗುರುತು ಸಿಗುವುದು ಕಷ್ಟ.

ಯಾವಾಗ ತಡಮಾಡಬಾರದು?

ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣಾದರೆ, ಚರ್ಮ ಸುಲಿದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಗಾಜಿನ ಲೋಟ ಒತ್ತಿದರೂ ಮಾಸದ ನೇರಳೆ ಚುಕ್ಕೆಗಳ ಜೊತೆ ಜ್ವರವಿದ್ದರೂ ಅಷ್ಟೇ. ಉಳಿದವಕ್ಕೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಆರಂಭಿಸಬಹುದು. ಹೋಗುವಾಗ ಮೊದಲ ದಿನದ ಮೊಬೈಲ್ ಫೋಟೊ ಜೊತೆಗೆ ಈವರೆಗೆ ಹಚ್ಚಿದ ಟ್ಯೂಬ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ, ಖಾಲಿಯಾದವನ್ನೂ.