ಬಳ್ಳ ಓದಿದ ದಿನ: ಮ್ಯೂಸಿಯಂನಲ್ಲಿ ಅಕ್ಷರ ಕಲಿಸಿದ ನನ್ನ ಅನುಭವ

"ಮ್ಯೂಸಿಯಂ ಸುತ್ತಿದ್ರೆ ಅಕ್ಷರ ಬರುತ್ತಾ?" ಅಂತ ಜೊತೆಯ ಬೋಧಕರೇ ಕೇಳಿದ್ದರು. ಬಂತು. ಚನ್ನಪಟ್ಟಣದ ಹತ್ತಿರ ನನ್ನ ರಾತ್ರಿ ತರಗತಿಗೆ ಸುಮಾರು 22 ಹೆಂಗಸರು ಬರುತ್ತಾರೆ. ಎರಡು ವರ್ಷ ಒತ್ತಕ್ಷರದಲ್ಲೇ ನಿಂತಿದ್ದರು. ಈಗ 14-15 ಜನ ತಡವರಿಸಿದರೂ ಓದುತ್ತಾರೆ.

ಮೊದಲ ಸಲ ಪೂರ್ತಿ ಹಾಳಾಯಿತು. ವ್ಯಾನಿಗೇ ಆರೂವರೆ ಸಾವಿರ, ನನ್ನ ಕೈಯಿಂದ. ರಾಮನಗರದ ಜಾನಪದ ಲೋಕಕ್ಕೆ ಹೋಗಿ ಎಲ್ಲ ಫಲಕ ನಾನೇ ಓದಿ ಹೇಳಿದೆ, ಅವರು ಕೇಳಿಸಿಕೊಂಡು, ಊಟ ಮಾಡಿ, ವಾಪಸ್ ಬಂದರು. ಎರಡನೇ ಸಲ ಪ್ರಶ್ನೆ ಹಾಳೆ ಕೊಟ್ಟೆ, ಯಾರೂ ಮುಟ್ಟಲಿಲ್ಲ. ನಾಚಿಕೆ ಅಂದುಕೊಂಡೆ. ನೋಡಿದರೆ ಅರ್ಧ ಜನಕ್ಕೆ ಚಾಳೀಸು, ಹತ್ತಿರದ ಅಕ್ಷರ ಕಾಣ್ತಾನೇ ಇರಲಿಲ್ಲ! ನೂರು, ನೂರಿಪ್ಪತ್ತು ರೂಪಾಯಿಯ ಒಂಬತ್ತು ಕನ್ನಡಕ ತಂದೆ. ಈ ಕೆಲಸಕ್ಕೆ ನಾನು ಹಾಕಿದ ದುಡ್ಡಲ್ಲಿ ಅದೇ ಸಾರ್ಥಕ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವ್ಯಾನಿನ ಖರ್ಚೂ ತಪ್ಪಿತು, ಬಸ್ಸಿನಲ್ಲಿ ಟಿಕೆಟ್ ನನಗೊಬ್ಬನಿಗೆ.

ಮೂರನೇ ಸಲ ಉಲ್ಟಾ ಮಾಡಿದೆ. ಫಲಕ ಬಿಡಿ, ಸಾಮಾನು ನೋಡಿ ಹೆಸರು ಹೇಳಿ ಅಂದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಶುರುಮಾಡಿದ ಈ ಲೋಕದಲ್ಲಿ ಇರೋದು ಇವರ ಅಡುಗೆಮನೆ, ಹೊಲದ ಸಾಮಾನೇ ಅಲ್ವಾ, ಹೆಸರು ಬಾಯಲ್ಲೇ ಇತ್ತು. ಹೇಳಿದ್ದನ್ನು ಚೀಟಿ ಮೇಲೆ ದಪ್ಪಗೆ ಬರೆದುಕೊಟ್ಟು, ಇದೇ ಪದ ಎಲ್ಲಿದೆ ಹುಡುಕಿ ಅಂದೆ. ಅರವತ್ತರ ಹತ್ತಿರದ ಒಬ್ಬಮ್ಮ "ಬ... ಳ..." ಅಂತ ನಿಂತರು. ಬೆರಳು ಕೆಳಗಿನ ಒತ್ತಿಗೆ ಇಳಿಯಿತು. "ಬಳ್ಳ! ನಮ್ಮತ್ತೆ ಇದ್ರಲ್ಲೇ ರಾಗಿ ಅಳೀತಿದ್ರು!" ಚೀಟಿಗಳನ್ನು ಯಾವುದಾದ ಮೇಲೆ ಯಾವುದು ಕೊಡಬೇಕು ಅನ್ನೋದರಲ್ಲಿ ಗುಟ್ಟಿದೆ, ಅದನ್ನು ಇಲ್ಲಿ ಬರೆಯಲ್ಲ, ತರಗತಿಗೆ ಬಂದರೆ ತೋರಿಸ್ತೀನಿ.

ನಡುವೆ ಒಮ್ಮೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೂ ಹೋದೆವು, ಆತಕೂರು ಶಾಸನ ನೋಡೋಕೆ. ಕಾಡುಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿಗೆ 10ನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು ಅದು. ನಾಯಿ, ಹಂದಿ ಗುರುತಿಸಿದರು, ಲಿಪಿ ಹಳೇದು, ಓದೋಕಾಗಲಿಲ್ಲ. "ನಿಮಗೂ ಬರಲ್ವಾ ಮೇಷ್ಟ್ರೇ?" ಅಂದರು. ಬರಲ್ಲ ಅಂದೆ. ಅವತ್ತಿಂದ ತಪ್ಪು ಓದೋಕೆ ಹೆದರೋದು ಕಮ್ಮಿಯಾಯಿತು.

ಈಗ ತರಗತಿಯ ಜಗಲಿ ಮೇಲೆ ಅವರೇ ಮನೆಯಿಂದ ತಂದ ಸೇರು, ಪಾವು, ಒನಕೆ, ಶಾವಿಗೆ ಒರಳು ಇವೆ. ಚೀಟಿಗಳೂ ಅವರದೇ ಕೈಬರಹ. ಒಬ್ಬರು 'ಸ್ಯಾವಿಗೆ' ಅಂತ ಬರೆದಿದ್ದಾರೆ. ಅವರ ಮನೇಲಿ ಹಾಗೇ ಅನ್ನೋದು, ಒತ್ತನ್ನೂ ಸರಿಯಾಗೇ ಕೊಟ್ಟಿದ್ದಾರೆ. ತಿದ್ದಲಿಲ್ಲ.