ಎಟಿವಿ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತಿದ್ದರೆ ಮೊದಲು ಟೋ ಅಳೆಯಿರಿ

ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಕೆಲಸಕ್ಕೆ ಎಟಿವಿ (ಹ್ಯಾಂಡಲ್ ಇರುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಇಟ್ಟುಕೊಂಡವರೇ, ಮಳೆಗಾಲ ಮುಗಿದ ಮೇಲೆ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಒಮ್ಮೆ ನೋಡಿಕೊಳ್ಳಿ. ಟೋ ಅಂದರೆ ಆ ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋದು. ಕಲ್ಲು, ಬೇರು, ಗುಂಡಿ ಅಂತ ಓಡಿಸಿ ಟೈ ರಾಡ್ (ಹ್ಯಾಂಡಲ್ ತಿರುಗಿಸಿದಾಗ ಚಕ್ರ ತಿರುಗಿಸುವ ಸರಳು) ಬಗ್ಗಿರಬಹುದು.

ಮೊದಲು ಎರಡೂ ಟೈರ್‌ಗೆ ಸಮ ಗಾಳಿ ಹಾಕಿ. ಚಕ್ರ ಎತ್ತಿ ಅಲ್ಲಾಡಿಸಿ. ಬಾಲ್ ಜಾಯಿಂಟ್ (ಚಕ್ರ ತಿರುಗುವ ಕೀಲು), ಟೈ ರಾಡ್ ಎಂಡ್ (ರಾಡಿನ ತುದಿಯ ಕೀಲು) ಲೂಸ್ ಇದ್ದರೆ ಅದನ್ನು ಬದಲಿಸದೆ ಅಲೈನ್‌ಮೆಂಟ್ ಮಾಡುವುದು ಸುಮ್ನೆ ದಂಡ.

ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿರುತ್ತದಲ್ವಾ, ಗಾಡಿ ಅಲ್ಲೇ ನಿಲ್ಲಿಸಿ. ಹ್ಯಾಂಡಲ್ ನೇರ ಮಾಡಿ ಕಟ್ಟಿ. ಎರಡೂ ಟೈರ್‌ಗಳ ಮುಂಭಾಗದಲ್ಲಿ, ನೆಲಕ್ಕೆ ತಾಗುವ ಪಟ್ಟಿಯ ನಡುವಿಗೆ, ಆಕ್ಸಲ್ ಎತ್ತರಕ್ಕೆ ಚಾಕ್ ಗುರುತು ಹಾಕಿ ಅಂತರ ಅಳೆಯಿರಿ. ಚಕ್ರ ಅರ್ಧ ಸುತ್ತು ತಿರುಗುವಷ್ಟು ಗಾಡಿ ತಳ್ಳಿ. ಅದೇ ಗುರುತುಗಳು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಆ ವ್ಯತ್ಯಾಸವೇ ಟೋ. ಎಷ್ಟಿರಬೇಕು ಅನ್ನೋದು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿದೆ. ಕಾರಿನ ಲೆಕ್ಕ ಇಲ್ಲಿ ಹಿಡಿಯಬೇಡಿ.

ತಿದ್ದುವಾಗ ಎರಡೂ ಕಡೆಯ ಟೈ ರಾಡ್ ಸಮನಾಗಿ ತಿರುಗಿಸಿ. ಒಂದನ್ನೇ ತಿರುಗಿಸಿದರೆ ಟೋ ಸರಿಯಾದರೂ ಹ್ಯಾಂಡಲ್ ಸೊಟ್ಟಗೆ ನಿಲ್ಲುತ್ತದೆ. ಸಾಮಾನ್ಯವಾಗಿ ರಾಡಿನ ಒಂದು ತುದಿಯ ಲಾಕ್ ನಟ್ ಉಲ್ಟಾ ಥ್ರೆಡ್ ಇರುತ್ತದೆ, ಅದನ್ನು ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬಿಚ್ಚುತ್ತಿಲ್ಲ ಅಂತ ಜೋರು ಮಾಡಬೇಡಿ. ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗಲೇ ಅಳತೆ ಜರುಗುವುದು ಜಾಸ್ತಿ.